ಜಾಗತಿಕ ಕಂಪನಿಯಲ್ಲಿ ಒಬ್ಬರಿಗೆ ಗೊತ್ತಿರುವುದು ಬೇಕಾದವರಿಗೆಲ್ಲ ತಲುಪಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ದೊಡ್ಡ ಕಂಪನಿಗಳಲ್ಲಿ ತಿಳಿವಳಿಕೆಗೆ ಬರ ಇರುವುದಿಲ್ಲ. ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಅದು ಸಿಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಒಂದು ದೇಶದ ಸಪೋರ್ಟ್ ಟೀಮ್ ಮೂರು ವಾರ ಒದ್ದಾಡುತ್ತಿರುವ ಸಮಸ್ಯೆಯನ್ನು ಇನ್ನೊಂದು ದೇಶದ ಟೆಸ್ಟಿಂಗ್ ಟೀಮಿನಲ್ಲಿ ಯಾರೋ ಕಳೆದ ವರ್ಷವೇ ಬಿಡಿಸಿ, ತಮ್ಮ ಪಾಡಿಗೆ ಮುಂದಿನ ಕೆಲಸಕ್ಕೆ ಹೋಗಿರುತ್ತಾರೆ. ಇವರ ಹೆಸರು ಅವರಿಗೆ ಗೊತ್ತಿಲ್ಲ, ಅವರ ಹೆಸರು ಇವರಿಗೆ ಗೊತ್ತಿಲ್ಲ.

ಇದಕ್ಕೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಹೊಸ ಪೋರ್ಟಲ್ ತರುತ್ತಾರೆ. ‘ಎಲ್ಲರೂ ನಿಮ್ಮ ಡಾಕ್ಯುಮೆಂಟ್‌ಗಳನ್ನು ಇಲ್ಲಿ ಹಾಕಿ’ ಅಂತ ಒಂದು ಮೇಲ್ ಹೋಗುತ್ತದೆ. ಮೊದಲ ತಿಂಗಳು ನೂರಾರು ಫೈಲ್ ಬಂದು ಬೀಳುತ್ತವೆ. ಆಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ, ಯಾಕೆಂದರೆ ಅಲ್ಲಿ ಇರುವುದೆಲ್ಲ ಕೊಡುವವರಿಗೆ ಅನುಕೂಲ ಆಗುವ ಹಾಗೆ ಬರೆದದ್ದು, ಹುಡುಕುವವರ ಪ್ರಶ್ನೆಗೆ ಉತ್ತರವಾಗಿ ಬರೆದದ್ದು ಒಂದೂ ಇರುವುದಿಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಹಿಡಿದಿರುವುದು ಒಂದೇ ದಾರಿ: ಕೇಳುವವರಿಂದ ಶುರು ಮಾಡಿ. ಯಾರಿಗೆ, ಯಾವ ಕೆಲಸಕ್ಕೆ, ಯಾವಾಗ ಬೇಕು ಅನ್ನುವುದು ಗೊತ್ತಾದ ಮೇಲೆ ಬರೆಯುವುದು, ತೋರಿಸುವುದು, ಸಾಫ್ಟ್‌ವೇರ್ ಆರಿಸುವುದು, ಎಲ್ಲವೂ ಸುಲಭ.

ಹೀಗೆ ಮಾಡದಿದ್ದರೆ ಎಷ್ಟು ದೊಡ್ಡ ನಷ್ಟ ಆಗಬಹುದು ಅನ್ನುವುದಕ್ಕೆ ಏರ್‌ಬಸ್ ಎ380 ವಿಮಾನದ ಕತೆ ಸಾಕು. ಒಂದೊಂದು ವಿಮಾನಕ್ಕೆ ಸುಮಾರು 530 ಕಿಲೋಮೀಟರ್ ವೈರಿಂಗ್. ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದವರು ಕ್ಯಾಟಿಯಾ ಅನ್ನುವ ಡಿಸೈನ್ ಸಾಫ್ಟ್‌ವೇರಿನ 4ನೇ ಆವೃತ್ತಿ ಬಳಸುತ್ತಿದ್ದರು, ಫ್ರಾನ್ಸಿನ ಟುಲೂಸ್‌ನವರು 5ನೇ ಆವೃತ್ತಿ. ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಯ ಡಿಸೈನಿಗೆ ಸರಿಯಾಗಿ ಬರುತ್ತಿರಲಿಲ್ಲ. ಹ್ಯಾಂಬರ್ಗ್‌ನಿಂದ ಬಂದ ವೈರಿನ ಕಟ್ಟುಗಳನ್ನು ಟುಲೂಸ್‌ನಲ್ಲಿ ಜೋಡಿಸಲು ಹೋದರೆ ಉದ್ದ ಸಾಲಲಿಲ್ಲ. 2006ರಲ್ಲಿ ಕಂಪನಿ ಮತ್ತೆ ಮತ್ತೆ ‘ಇನ್ನೂ ತಡವಾಗುತ್ತದೆ’ ಅಂತ ಘೋಷಿಸಬೇಕಾಯಿತು. ಎರಡೂ ಕಡೆ ಇದ್ದವರು ನುರಿತ ಎಂಜಿನಿಯರುಗಳೇ. ತಂತಮ್ಮ ಕೆಲಸ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಹಂತ 1: ಎರಡು ವಾರ ಪ್ರಶ್ನೆಗಳನ್ನು ಹೆಕ್ಕಿ

ಸಾಫ್ಟ್‌ವೇರ್ ಮುಟ್ಟಬೇಡಿ. ಎರಡು ವಾರ ಸುಮ್ನೆ ಪ್ರಶ್ನೆಗಳನ್ನು ಒಟ್ಟು ಮಾಡಿ. ಎಲ್ಲಿ ಸಿಗುತ್ತವೆ? ಸಪೋರ್ಟ್ ಟಿಕೆಟ್‌ಗಳಲ್ಲಿ, ಟೀಮ್ ಚಾಟ್‌ಗಳಲ್ಲಿ, ‘ಇದು ಯಾರಿಗೆ ಗೊತ್ತು?’ ಅಂತ ಹತ್ತು ಜನರಿಗೆ ಹೋದ ಮೇಲ್‌ಗಳಲ್ಲಿ. ಎಲ್ಲಕ್ಕಿಂತ ಜಾಸ್ತಿ, ಇತ್ತೀಚೆಗೆ ಕೆಲಸಕ್ಕೆ ಸೇರಿದವರ ಹತ್ತಿರ. ಹಳಬರಿಗೆ ಕಷ್ಟ ಅಭ್ಯಾಸವಾಗಿ ಹೋಗಿರುತ್ತದೆ, ಹೊಸಬರಿಗೆ ಇನ್ನೂ ಕಾಣುತ್ತಿರುತ್ತದೆ.

ಪ್ರತಿ ಪ್ರಶ್ನೆಗೆ ನಾಲ್ಕು ವಿಷಯ ಬರೆದುಕೊಳ್ಳಿ: ಯಾರು ಕೇಳಿದರು, ಯಾರನ್ನು ಕೇಳಿದರು, ಉತ್ತರ ಸಿಗಲು ಎಷ್ಟು ಹೊತ್ತು ಹಿಡಿಯಿತು, ಕೊನೆಗೆ ಎಲ್ಲಿ ಸಿಕ್ಕಿತು. ಈ ಕೊನೆಯದು ಬಹಳ ಮುಖ್ಯ. ‘ಹಳೇ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ’ ಅನ್ನುವ ಉತ್ತರ ಐದಾರು ಸಲ ಬಂತು ಅಂದರೆ ಆ ಒಬ್ಬ ಮನುಷ್ಯ ರಜೆ ಹೋದ ದಿನ ಕೆಲಸ ನಿಲ್ಲುತ್ತದೆ ಅಂತ ಅರ್ಥ.

ಎರಡು ವಾರ ಕಳೆದ ಮೇಲೆ ಮತ್ತೆ ಮತ್ತೆ ಬಂದ ಪ್ರಶ್ನೆಗಳಲ್ಲಿ ಹತ್ತು ಆರಿಸಿ. ಒಂದೇ ಟೀಮಿನ ಒಳಗೆ ಮುಗಿಯುವಂಥವನ್ನು ಬಿಡಿ, ಅವನ್ನು ಆ ಟೀಮ್ ನೋಡಿಕೊಳ್ಳುತ್ತದೆ. ನಿಮಗೆ ಬೇಕಾದವು ಗಡಿ ದಾಟುವ ಪ್ರಶ್ನೆಗಳು: ಸೇಲ್ಸ್‌ನವರು ಎಂಜಿನಿಯರಿಂಗ್‌ಗೆ ಕೇಳಿದ್ದು, ಒಂದು ದೇಶದ ಫೈನಾನ್ಸ್ ಇನ್ನೊಂದು ದೇಶದ ಫೈನಾನ್ಸ್‌ಗೆ ಕೇಳಿದ್ದು. ಹತ್ತೇ ಸಾಕು. ಮೊದಲೇ ಇನ್ನೂರು ಹಿಡಿದುಕೊಂಡರೆ ಒಂದೂ ಮುಗಿಯುವುದಿಲ್ಲ.

ಹಂತ 2: ಯಾವುದನ್ನು ಬರೆಯಬಹುದು, ಯಾವುದನ್ನು ತೋರಿಸಲೇಬೇಕು ಅಂತ ಬೇರೆ ಮಾಡಿ

ಎಲ್ಲ ತಿಳಿವಳಿಕೆಯೂ ಕಾಗದದ ಮೇಲೆ ಬರುವುದಿಲ್ಲ. ಮೈಕೇಲ್ ಪೊಲಾನ್ಯಿ ಅನ್ನುವ ಚಿಂತಕರು 1960ರ ದಶಕದಲ್ಲೇ ಇದನ್ನು ಗಟ್ಟಿಯಾಗಿ ಹೇಳಿದ್ದರು: ನಮಗೆ ಗೊತ್ತಿರುವುದು ನಾವು ಬಾಯಲ್ಲಿ ಹೇಳಬಲ್ಲದ್ದಕ್ಕಿಂತ ಯಾವಾಗಲೂ ಜಾಸ್ತಿ.

ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ ನಡೆದದ್ದು ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. 1980ರ ದಶಕದ ಮಧ್ಯದಲ್ಲಿ ಅವರು ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿದ್ದರು. ಯಂತ್ರ ಹಿಟ್ಟು ನಾದುತ್ತಿತ್ತು, ಆದರೆ ಬ್ರೆಡ್ ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ನುರಿತ ಬೇಕರ್ ನಾದಿದ ಹಿಟ್ಟಿನ ಎಕ್ಸ್-ರೇ ತೆಗೆದು ಯಂತ್ರ ನಾದಿದ ಹಿಟ್ಟಿನ ಜೊತೆ ಹೋಲಿಸಿ ನೋಡಿದರೂ ಗುಟ್ಟು ಸಿಗಲಿಲ್ಲ. ಕೊನೆಗೆ ಟೀಮಿನ ಸಾಫ್ಟ್‌ವೇರ್ ಡೆವಲಪರ್ ಇಕುಕೊ ತನಾಕ ಒಸಾಕದ ಹೋಟೆಲ್ ಒಂದರ ಮುಖ್ಯ ಬೇಕರ್ ಕೈಕೆಳಗೆ ಕಲಿಯಲು ಹೋದರು. ಆತ ಹಿಟ್ಟನ್ನು ಎಳೆಯುವಾಗ ಒಂದು ಬಗೆಯಲ್ಲಿ ತಿರುಚುತ್ತಾನೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಆ ತಿರುಚುವಿಕೆಯನ್ನು ಯಂತ್ರದ ಒಳಗೆ ತರಲು ಎಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಆ ಬೇಕರನ್ನು ‘ನಿಮ್ಮ ವಿಧಾನ ಬರೆದುಕೊಡಿ’ ಅಂತ ಕೇಳಿದ್ದರೆ ಈ ತಿರುಚುವುದನ್ನು ಆತ ಬರೆಯುತ್ತಲೇ ಇರಲಿಲ್ಲ, ಯಾಕೆಂದರೆ ತಾನು ಹಾಗೆ ಮಾಡುತ್ತೇನೆ ಅನ್ನುವುದು ಅವನ ಗಮನದಲ್ಲೇ ಇರಲಿಕ್ಕಿಲ್ಲ.

ನಿಮ್ಮ ಹತ್ತು ಪ್ರಶ್ನೆಗಳನ್ನು ಈಗ ಮೂರು ಗುಂಪು ಮಾಡಿ.

ಒಂದು, ಮಾಹಿತಿ. ‘ಈ ದೇಶದಲ್ಲಿ ಇನ್‌ವಾಯ್ಸ್ ಮೇಲೆ ಏನೇನು ಇರಬೇಕು?’ ಇದನ್ನು ಬರೆದಿಡಿ, ಮುಗಿಯಿತು.

ಎರಡು, ವಿಧಾನ. ‘ಈ ಯಂತ್ರವನ್ನು ರಿಸೆಟ್ ಮಾಡುವುದು ಹೇಗೆ?’ ಬರೆಯಿರಿ, ಜೊತೆಗೆ ಕೈ ಮತ್ತು ಸ್ಕ್ರೀನ್ ಎರಡೂ ಕಾಣುವ ಚಿಕ್ಕ ವಿಡಿಯೊ ಇಡಿ. ಐದು ನಿಮಿಷಕ್ಕಿಂತ ಉದ್ದ ಬೇಡ.

ಮೂರು, ತೀರ್ಮಾನ. ‘ಈ ಗ್ರಾಹಕ ಸಿಟ್ಟಾಗಿರುವುದು ನಿಜವಾ, ಬರೀ ಚೌಕಾಸಿಗಾ?’ ಇಂಥದ್ದನ್ನು ಡಾಕ್ಯುಮೆಂಟ್ ಮಾಡಲು ಹೋಗಿ ಸಮಯ ಹಾಳು ಮಾಡಬೇಡಿ. ಗೊತ್ತಿರುವವರ ಜೊತೆ ಕೂರಿಸಿ. ಅವರು ಗ್ರಾಹಕರ ಜೊತೆ ಮಾತಾಡುವಾಗ ಪಕ್ಕದಲ್ಲಿದ್ದು ಕೇಳಲಿ, ಕಾಲ್ ಮುಗಿದ ತಕ್ಷಣ ಹತ್ತು ನಿಮಿಷ ‘ಆ ಹೊತ್ತಲ್ಲಿ ನೀವು ಬೆಲೆಯ ಮಾತು ಬಿಟ್ಟು ಡೆಲಿವರಿ ಬಗ್ಗೆ ಯಾಕೆ ಕೇಳಿದಿರಿ?’ ಅಂತ ವಿಚಾರಿಸಲಿ. ಬೇರೆ ಬೇರೆ ದೇಶದಲ್ಲಿದ್ದರೂ ಇದು ಆಗುತ್ತದೆ, ಮೈಕ್ ಮ್ಯೂಟ್ ಮಾಡಿಕೊಂಡು ಕಾಲ್‌ನಲ್ಲಿ ಕೂತರಾಯಿತು. ಗ್ರಾಹಕರಿಗೆ ಮಾತ್ರ ಮೊದಲೇ ತಿಳಿಸಿರಬೇಕು.

ಹಂತ 3: ನಿಮ್ಮನ್ನು ನೋಡಿಯೇ ಇಲ್ಲದವರಿಗೆ ಅರ್ಥವಾಗುವ ಹಾಗೆ ಬರೆಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನ ಪ್ರಯತ್ನಗಳು ಮುರಿದುಬೀಳುವುದು ಇಲ್ಲೇ.

ಸಾಮಾನ್ಯವಾಗಿ ಕಾಣುವ ಪುಟ ಹೀಗಿರುತ್ತದೆ:

‘ಡೇಟಾ ಮೈಗ್ರೇಶನ್ ಮಾಡುವಾಗ ತಾರೀಖುಗಳನ್ನು ಸರಿಯಾಗಿ ಚೆಕ್ ಮಾಡಿಕೊಳ್ಳಿ. ಸಮಸ್ಯೆ ಬಂದರೆ ಸಂಬಂಧಪಟ್ಟ ಟೀಮನ್ನು ಸಂಪರ್ಕಿಸಿ.’

ಬರೆದವರ ಪಕ್ಕದ ಸೀಟಿನಲ್ಲಿ ಕೂತವರಿಗೆ ಇದು ಸಾಕು. ಆರು ಗಂಟೆ ಆಚೆಯ ಟೈಮ್ ಝೋನ್‌ನಲ್ಲಿರುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ಯಾವ ತಾರೀಖು? ಹೇಗೆ ಚೆಕ್ ಮಾಡುವುದು? ಯಾವ ಟೀಮ್? ಈಗ ಇದನ್ನು ನೋಡಿ:

‘ಸಮಸ್ಯೆ: ಹಳೆಯ ಬಿಲ್ಲಿಂಗ್ ಸಿಸ್ಟಮ್‌ನಿಂದ ಹೊಸದಕ್ಕೆ ಪಟ್ಟಿ ಕಳಿಸುವಾಗ ಕೆಲವು ಇನ್‌ವಾಯ್ಸ್‌ಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗುತ್ತವೆ.

ಕಾರಣ: ಹಳೆಯ ಸಿಸ್ಟಮ್ ದಿನವನ್ನು ಮೊದಲು ಬರೆಯುತ್ತದೆ, ಹೊಸದು ಮೊದಲ ಅಂಕಿಯನ್ನು ತಿಂಗಳು ಅಂತ ಓದುತ್ತದೆ.

ಹುಷಾರಾಗಿರಬೇಕಾದ ಜಾಗ: ದಿನ 12ಕ್ಕಿಂತ ಜಾಸ್ತಿ ಇದ್ದರೆ ಎರರ್ ಬರುತ್ತದೆ, ಹಾಗಾಗಿ ಗೊತ್ತಾಗುತ್ತದೆ. 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎರರ್ ಬರುವುದಿಲ್ಲ, ತಪ್ಪು ತಾರೀಖೇ ಸೇರಿಕೊಳ್ಳುತ್ತದೆ.

ಏನು ಮಾಡಬೇಕು: ಕಳಿಸುವ ಮೊದಲು ತಾರೀಖಿನ ಕಾಲಂ ಅನ್ನು ವರ್ಷ-ತಿಂಗಳು-ದಿನ ರೂಪಕ್ಕೆ ಬದಲಿಸಿ. ಕಳಿಸಿದ ಮೇಲೆ, ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವ 20 ಸಾಲುಗಳನ್ನು ಹಳೆಯ ಪಟ್ಟಿಯ ಜೊತೆ ಹೋಲಿಸಿ ನೋಡಿ.

ಎಲ್ಲಿ ಇದು ಬೇಕಾಗಿಲ್ಲ: ನೇರವಾಗಿ ಹೊಸ ಸಿಸ್ಟಮ್‌ನಲ್ಲೇ ಶುರುವಾದ ಖಾತೆಗಳಿಗೆ.

ಕೊನೆಯ ಸಲ ಮಾಡಿ ನೋಡಿದ್ದು: 2025-03-04. ಕೇಳಬೇಕಾದವರು: ಬಿಲ್ಲಿಂಗ್ ಟೀಮಿನ ಇಂಥವರು.’

ಎರಡನೆಯದನ್ನು ಬರೆಯಲು ಅರ್ಧ ಗಂಟೆ ಬೇಕು, ನಿಜ. ಆದರೆ ಅದನ್ನು ಓದಿ ಯಾರು ಬೇಕಾದರೂ ಕೆಲಸ ಮುಗಿಸಬಹುದು. ‘ಎಲ್ಲಿ ಇದು ಬೇಕಾಗಿಲ್ಲ’ ಅನ್ನುವ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಒಂದು ಕಡೆ ಸರಿಯಾದದ್ದನ್ನು ಎಲ್ಲ ಕಡೆ ಹಚ್ಚಿ ಕೆಟ್ಟ ಕೆಲಸಗಳು ಬೇಕಾದಷ್ಟಿವೆ.

ತಾರೀಖಿನ ಮಾತು ಬಂತಲ್ವಾ, 03/04 ಅಂದರೆ ಬ್ರಿಟನ್ನಿನವರಿಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇರುವುದೇ ಇದಕ್ಕೆ: ವರ್ಷ, ತಿಂಗಳು, ದಿನ, ಇದೇ ಕ್ರಮ. ಕಂಪನಿಯ ಎಲ್ಲ ಪುಟಗಳಲ್ಲೂ ಇದನ್ನೇ ಬಳಸಿ. ಸಮಯ ಬರೆದರೆ ಟೈಮ್ ಝೋನ್ ಬರೆಯಿರಿ, ಅಳತೆ ಬರೆದರೆ ಯೂನಿಟ್ ಬರೆಯಿರಿ, ಹಣ ಬರೆದರೆ ಯಾವ ದೇಶದ ಕರೆನ್ಸಿ ಅಂತ ಬರೆಯಿರಿ. ಇದೆಲ್ಲ ಅತಿಯಾಯಿತು ಅನಿಸಿದರೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿಸಿಕೊಳ್ಳಿ. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರ್ ಎಂಜಿನ್ನಿನ ನೂಕುಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಅದನ್ನು ಬಳಸುವ ನಾಸಾ ಟೀಮ್ ಅದು ನ್ಯೂಟನ್ ಲೆಕ್ಕ ಅಂತ ತಿಳಿದಿತ್ತು. 1999ರ ಸೆಪ್ಟೆಂಬರ್ 23ರಂದು ಆ ನೌಕೆ ಮಂಗಳ ಗ್ರಹದ ಹತ್ತಿರ ಹೋಗಿ ಕೈತಪ್ಪಿತು.

ಭಾಷೆಯ ವಿಷಯಕ್ಕೆ ಬಂದರೆ, ಓದುವವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಎರಡನೆಯ ಅಥವಾ ಮೂರನೆಯ ಭಾಷೆ ಅಂತಲೇ ತಿಳಿದು ಬರೆಯಿರಿ. ವಿಮಾನ ರಿಪೇರಿ ಕೈಪಿಡಿಗಳ ಜಗತ್ತು ಈ ಸಮಸ್ಯೆಯನ್ನು 1980ರ ದಶಕದಲ್ಲೇ ಎದುರಿಸಿತು. ಅಲ್ಲಿ ಬಳಸುವ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಪದ್ಧತಿಯಲ್ಲಿ ಸಾಮಾನ್ಯ ಪದಗಳ ಒಂದು ಸಣ್ಣ ನಿಘಂಟು ಇದೆ, ಒಂದು ಪದಕ್ಕೆ ಒಂದೇ ಅರ್ಥ, ಕೆಲಸ ಹೇಳುವ ವಾಕ್ಯದಲ್ಲಿ 20ಕ್ಕಿಂತ ಹೆಚ್ಚು ಪದ ಇರಬಾರದು. ಇಷ್ಟು ಬಿಗಿ ನಿಮಗೆ ಬೇಡದೇ ಇರಬಹುದು. ಆದರೂ ಮೂರು ನಿಯಮ ಎತ್ತಿಕೊಳ್ಳಿ: ಒಂದು ವಾಕ್ಯಕ್ಕೆ ಒಂದೇ ಕೆಲಸ, ಒಂದು ವಸ್ತುವಿಗೆ ಎಲ್ಲ ಕಡೆ ಒಂದೇ ಹೆಸರು, ಕ್ರಿಕೆಟ್ ಬೇಸ್‌ಬಾಲ್‌ನಿಂದ ಎತ್ತಿದ ನುಡಿಗಟ್ಟು ಬೇಡ. ಜೊತೆಗೆ, ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವವರಿಗೆ ಮೊದಲ ಕರಡನ್ನು ತಮ್ಮ ಭಾಷೆಯಲ್ಲೇ ಬರೆಯಲು ಬಿಡಿ. ಅನುವಾದ ಆಮೇಲೆ ಮಾಡಿಸಬಹುದು, ಬರೆಯದೇ ಬಿಟ್ಟದ್ದನ್ನು ಅನುವಾದ ಮಾಡಲಾಗುವುದಿಲ್ಲ.

ದೊಡ್ಡ ತೀರ್ಮಾನಗಳಾದರೆ ಏನು ನಿರ್ಧಾರವಾಯಿತು ಅನ್ನುವುದಕ್ಕಿಂತ ಯಾಕೆ ಅನ್ನುವುದು ಬೇಕು. ಯಾವ ಯಾವ ದಾರಿ ನೋಡಿದೆವು, ಯಾವುದನ್ನು ಯಾಕೆ ಬಿಟ್ಟೆವು, ಏನು ಬದಲಾದರೆ ಇದನ್ನು ಮತ್ತೆ ಯೋಚಿಸಬೇಕು, ಒಂದೇ ಪುಟದಲ್ಲಿ. ಸಾಫ್ಟ್‌ವೇರ್ ಟೀಮ್‌ಗಳಲ್ಲಿ ಈ ಅಭ್ಯಾಸ ಚೆನ್ನಾಗಿ ಬೇರೂರಿದೆ. ಎಚ್‌ಆರ್, ಖರೀದಿ, ಮಾರ್ಕೆಟಿಂಗ್‌ಗೂ ಇದು ಅಷ್ಟೇ ಉಪಯೋಗ.

ಹಂತ 4: ವಿಭಾಗಗಳ ನಡುವೆ ಮನುಷ್ಯರ ಸೇತುವೆ ಕಟ್ಟಿ

‘ಅವರು ಹೇಳಿಕೊಡುವುದಿಲ್ಲ, ಇವರಿಗೆ ಕಲಿಯುವ ಮನಸ್ಸಿಲ್ಲ’ ಅನ್ನುವ ದೂರು ಎಲ್ಲ ಕಂಪನಿಯಲ್ಲೂ ಕೇಳುತ್ತದೆ. ಗೇಬ್ರಿಯಲ್ ಶುಲಾನ್ಸ್ಕಿ ಅನ್ನುವ ಸಂಶೋಧಕರು 8 ಕಂಪನಿಗಳಲ್ಲಿ ಒಳ್ಳೆಯ ಪದ್ಧತಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ 122 ಪ್ರಯತ್ನಗಳನ್ನು ನೋಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ದೊಡ್ಡ ಅಡ್ಡಿಗಳು ಮೂರು: ಪಡೆಯುವವರಿಗೆ ಅದನ್ನು ಅರಗಿಸಿಕೊಳ್ಳುವಷ್ಟು ಹಿನ್ನೆಲೆ ಇಲ್ಲದಿರುವುದು, ಆ ಪದ್ಧತಿ ಯಾಕೆ ಕೆಲಸ ಮಾಡುತ್ತದೆ ಅಂತ ಕೊಡುವವರಿಗೇ ಸ್ಪಷ್ಟ ಇಲ್ಲದಿರುವುದು, ಇಬ್ಬರ ನಡುವಿನ ಸಂಬಂಧ ಸರಿ ಇಲ್ಲದಿರುವುದು. ಮನಸ್ಸಿಲ್ಲ ಅನ್ನುವುದು ಮೊದಲ ಕಾರಣ ಆಗಿರಲಿಲ್ಲ.

ಹಾಗಾಗಿ ಉಪದೇಶ ಬಿಟ್ಟು ಈ ಮೂರನ್ನು ಸರಿಮಾಡಿ.

ಸಂಬಂಧಕ್ಕೆ: ಪ್ರತಿ ಎರಡು ವಿಭಾಗಗಳ ನಡುವೆ ಒಬ್ಬೊಬ್ಬರನ್ನು ಹೆಸರು ಹಿಡಿದು ನೇಮಿಸಿ. ಅವರ ಕೆಲಸ ಉತ್ತರ ಕೊಡುವುದಲ್ಲ, ‘ಇದು ಇಂಥವರಿಗೆ ಗೊತ್ತು’ ಅಂತ ಸರಿಯಾದವರಿಗೆ ಕೂಡಿಸುವುದು. ವಾರಕ್ಕೆ ಎರಡು ಮೂರು ಗಂಟೆ ಅವರ ಮಾಮೂಲಿ ಕೆಲಸದಿಂದ ಬಿಡಿಸಿಕೊಡಬೇಕು. ಹೆಚ್ಚುವರಿ ಹೊರೆ ಅಂತ ಹಾಕಿದರೆ ಎರಡನೇ ತಿಂಗಳಿಗೆ ನಿಂತುಹೋಗುತ್ತದೆ. ಸಾಧ್ಯವಾದರೆ ಕೆಲವು ತಿಂಗಳ ಮಟ್ಟಿಗೆ ಜನರನ್ನು ಬೇರೆ ವಿಭಾಗಕ್ಕೆ, ಬೇರೆ ದೇಶಕ್ಕೆ ಕಳಿಸಿ. ನಾನು ಬಲ್ಲ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಉಪಾಯ ಇನ್ನೊಂದಿಲ್ಲ.

ಹಿನ್ನೆಲೆಗೆ: ಬ್ರಿಟಿಷ್ ಪೆಟ್ರೋಲಿಯಂ 1990ರ ದಶಕದಲ್ಲಿ ಬೆಳೆಸಿದ ‘ಪೀರ್ ಅಸಿಸ್ಟ್’ ಪದ್ಧತಿ ತೆಗೆದುಕೊಳ್ಳಿ. ಕೆಲಸ ಶುರು ಮಾಡುವ ಮೊದಲೇ, ಅಂಥದ್ದೇ ಕೆಲಸ ಮಾಡಿ ಮುಗಿಸಿದ ಬೇರೆ ಟೀಮಿನವರನ್ನು ಕರೆಸಿ ಕೇಳುವುದು. ಹೀಗೆ ನಡೆಸಿ: ಮೊದಲು ಕರೆದವರು ತಮ್ಮ ಯೋಜನೆ ಹೇಳಲಿ, ಕಾಲು ಭಾಗ ಸಮಯದಲ್ಲಿ ಮುಗಿಸಲಿ. ಆಮೇಲೆ ಬಂದವರು ತಾವು ಏನು ಮಾಡಿದೆವು, ಎಲ್ಲಿ ಸಿಕ್ಕಿಹಾಕಿಕೊಂಡೆವು ಅಂತ ಹೇಳಲಿ. ಮೂರನೆಯದಾಗಿ ಇಬ್ಬರೂ ಸೇರಿ ಎರಡೂ ಕಡೆಯ ಪರಿಸ್ಥಿತಿ ಎಲ್ಲಿ ಒಂದೇ, ಎಲ್ಲಿ ಬೇರೆ ಅಂತ ನೋಡಲಿ. ಕೊನೆಗೆ ಕರೆದವರು ಯೋಜನೆಯಲ್ಲಿ ಏನು ಬದಲಿಸುತ್ತೇವೆ ಅಂತ ಬಾಯಿಬಿಟ್ಟು ಹೇಳಲಿ. ಬಂದವರ ಬಾಸ್‌ಗಳನ್ನು ಕರೆಯಬೇಡಿ. ಅವರಿದ್ದರೆ ಸಿಕ್ಕಿಹಾಕಿಕೊಂಡ ಕತೆಗಳು ಹೊರಬರುವುದಿಲ್ಲ.

ಯಾಕೆ ಕೆಲಸ ಮಾಡುತ್ತದೆ ಅನ್ನುವ ಪ್ರಶ್ನೆಗೆ ಒಳ್ಳೆಯ ಪಾಠ ‘ನಮ್ಮಿ’ (NUMMI) ಅನ್ನುವ ಕಾರು ಕಾರ್ಖಾನೆ. ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಮುಚ್ಚಿಹೋಗಿದ್ದ ಜಿಎಂ ಕಾರ್ಖಾನೆಯಲ್ಲಿ, ಹೆಚ್ಚುಕಡಿಮೆ ಅದೇ ಹಳೆಯ ಕೆಲಸಗಾರರನ್ನು ಇಟ್ಟುಕೊಂಡು 1984ರಲ್ಲಿ ಕಾರು ತಯಾರಿಕೆ ಶುರು ಮಾಡಿದರು. ಗುಣಮಟ್ಟ ಎಷ್ಟೋ ಮೇಲೆ ಹೋಯಿತು. ಆದರೆ ಅದೇ ಪದ್ಧತಿಯನ್ನು ತನ್ನ ಉಳಿದ ಕಾರ್ಖಾನೆಗಳಿಗೆ ಒಯ್ಯಲು ಜಿಎಂ ಬಹಳ ವರ್ಷ ಹೆಣಗಿತು. ತೊಂದರೆ ಕಂಡರೆ ಯಾವ ಕೆಲಸಗಾರನಾದರೂ ಎಳೆದು ಲೈನ್ ನಿಲ್ಲಿಸಬಹುದಾದ ಹಗ್ಗವನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಎಳೆದ ತಕ್ಷಣ ಟೀಮ್ ಲೀಡರ್ ಓಡಿ ಬಂದು ‘ಏನು ಸಹಾಯ ಬೇಕು?’ ಅಂತ ಕೇಳುತ್ತಾನಾ, ‘ಯಾಕೆ ನಿಲ್ಲಿಸಿದೆ?’ ಅಂತ ಗದರುತ್ತಾನಾ? ಪದ್ಧತಿಯ ಜೀವ ಇರುವುದು ಅಲ್ಲಿ. ನೀವು ಇನ್ನೊಂದು ಆಫೀಸಿನಿಂದ ಏನಾದರೂ ತರುವಾಗ ಹಗ್ಗ ಯಾವುದು, ಅದರ ಸುತ್ತ ನಡೆಯುವ ವರ್ತನೆ ಯಾವುದು ಅಂತ ಎರಡೂ ಪಟ್ಟಿ ಮಾಡಿ.

ಯಾವುದರಿಂದ ಫಲ ಬರುತ್ತಿದೆ ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ಮೊದಲು ಯಥಾವತ್ ನಕಲು ಮಾಡಿ, ಆಮೇಲೆ ಬದಲಿಸಿ. ಇಂಟೆಲ್ ತನ್ನ ಚಿಪ್ ಕಾರ್ಖಾನೆಗಳಲ್ಲಿ ‘ಕಾಪಿ ಎಕ್ಸಾಕ್ಟ್‌ಲಿ’ ಅನ್ನುವ ನೀತಿ ಇಟ್ಟುಕೊಂಡಿರುವುದು ಈ ಕಾರಣಕ್ಕೇ. ಅದು ಯಂತ್ರಗಳಿಗೆ, ಪ್ರಕ್ರಿಯೆಗಳಿಗೆ ಸರಿ. ಜನರನ್ನು ನಡೆಸಿಕೊಳ್ಳುವ ರೀತಿಗೆ, ಮಾರಾಟದ ಮಾತಿಗೆ ಯಥಾವತ್ ನಕಲು ಕೆಲಸಕ್ಕೆ ಬರುವುದಿಲ್ಲ.

ಹಂತ 5: ಸಂಸ್ಕೃತಿಗಳ ವ್ಯತ್ಯಾಸಕ್ಕೆ ಮೀಟಿಂಗ್ ನಡೆಸುವ ಕ್ರಮವನ್ನೇ ಬದಲಿಸಿ

ಗೀರ್ಟ್ ಹಾಫ್‌ಸ್ಟೆಡ್ ಅನ್ನುವ ಸಂಶೋಧಕರು ಐಬಿಎಂ ಉದ್ಯೋಗಿಗಳ ಸಮೀಕ್ಷೆಗಳನ್ನು ಇಟ್ಟುಕೊಂಡು ದೇಶದಿಂದ ದೇಶಕ್ಕೆ ಅಧಿಕಾರದ ಅಂತರ, ಅಂದರೆ ಮೇಲಿನವರಿಗೂ ಕೆಳಗಿನವರಿಗೂ ನಡುವಿನ ದೂರ, ಹೇಗೆ ಬೇರೆ ಅಂತ ತೋರಿಸಿದರು. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಕೆಲವು ಸಮಾಜಗಳಲ್ಲಿ ಮಾತಿಗಿಂತ ಸಂದರ್ಭವೇ ಹೆಚ್ಚು ಹೇಳುತ್ತದೆ ಅಂದರು. ಇವೆಲ್ಲ ಸರಾಸರಿಗಳು. ಎದುರಿಗೆ ಕೂತ ಒಬ್ಬ ವ್ಯಕ್ತಿ ಹೇಗೆ ಅನ್ನುವುದನ್ನು ಇವು ಹೇಳುವುದಿಲ್ಲ. ‘ಆ ದೇಶದವರು ಹೀಗೇ’ ಅಂತ ಸ್ಲೈಡ್ ತೋರಿಸುವ ತರಬೇತಿಯಿಂದ ಎಷ್ಟೋ ಸಲ ಹಾನಿಯೇ ಜಾಸ್ತಿ. ಅದರ ಬದಲು ಯಾವ ಸ್ವಭಾವದವರೂ ಮಾತಾಡಬಹುದಾದ ಹಾಗೆ ವ್ಯವಸ್ಥೆ ಮಾಡಿ.

‘ಯಾರಿಗಾದರೂ ಡೌಟ್ ಇದೆಯಾ?’ ಅಂತ ಕೇಳುವುದನ್ನು ಇವತ್ತಿಗೇ ನಿಲ್ಲಿಸಿ. ಹಿರಿಯರ ಎದುರು, ಬೇರೆ ಭಾಷೆಯಲ್ಲಿ, ಇಪ್ಪತ್ತು ಜನರ ಕಾಲ್‌ನಲ್ಲಿ ‘ನನಗೆ ಅರ್ಥವಾಗಲಿಲ್ಲ’ ಅನ್ನಲು ಯಾರಿಗೂ ಧೈರ್ಯ ಬರುವುದಿಲ್ಲ. ‘ಇದನ್ನು ನಿಮ್ಮ ಆಫೀಸಿನಲ್ಲಿ ನಾಳೆ ಶುರು ಮಾಡಿದರೆ ಮೊದಲು ಎಲ್ಲಿ ಕೆಡುತ್ತದೆ?’ ಅಂತ ಕೇಳಿ ನೋಡಿ. ಆಗ ತೊಂದರೆ ಹೇಳುವುದೇ ಅವರಿಗೆ ಒಪ್ಪಿಸಿದ ಕೆಲಸ ಆಗುತ್ತದೆ, ಎದುರುತ್ತರ ಕೊಟ್ಟ ಹಾಗೆ ಆಗುವುದಿಲ್ಲ. ಉತ್ತರವನ್ನು ಮೂರು ನಿಮಿಷ ಎಲ್ಲರೂ ಮೌನವಾಗಿ ಒಂದು ಹಂಚಿಕೊಂಡ ಪುಟದಲ್ಲಿ ಬರೆಯಲಿ, ಆಮೇಲೆ ಮಾತು. ಮಾತಾಡುವಾಗ ಕಿರಿಯರು ಮೊದಲು, ಬಾಸ್ ಕೊನೆಗೆ.

ಅಮೆಜಾನ್ 2004ರಲ್ಲಿ ಹಿರಿಯರ ಮೀಟಿಂಗ್‌ಗಳಲ್ಲಿ ಸ್ಲೈಡ್‌ಗಳನ್ನು ಬಿಟ್ಟು, ಪೂರ್ತಿ ವಾಕ್ಯಗಳಲ್ಲಿ ಬರೆದ, ಆರು ಪುಟದವರೆಗಿನ ಟಿಪ್ಪಣಿಯನ್ನು ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಕೂತು ಓದುವ ಪದ್ಧತಿಗೆ ಬಂತು. ಬೇರೆ ಬೇರೆ ಭಾಷೆಯವರಿರುವ ಟೀಮಿಗೆ ಇದು ವರ. ವೇಗವಾಗಿ ಮಾತಾಡುವವರ ಜೊತೆ ಓಡಬೇಕಾಗಿಲ್ಲ, ತಮ್ಮ ವೇಗದಲ್ಲಿ ಓದಬಹುದು. ಆರು ಪುಟ ನಿಮಗೆ ಜಾಸ್ತಿಯಾದರೆ ಎರಡು ಪುಟ ಮಾಡಿ, ಆದರೆ ಒಂದು ದಿನ ಮೊದಲೇ ಕಳಿಸಿ.

ಹೇಳಿದ್ದು ತಲುಪಿತಾ ಅಂತ ತಿಳಿಯಲು, ಪಡೆದವರೇ ತಮ್ಮ ಮಾತಿನಲ್ಲಿ ಮುಂದಿನ ಮೂರು ಹೆಜ್ಜೆ ಬರೆದು ಕಳಿಸಲಿ. ಪರೀಕ್ಷೆ ಅನಿಸಬಾರದು ಅಂದರೆ ‘ನಾನು ಏನಾದರೂ ಬಿಟ್ಟಿದ್ದೇನಾ ಅಂತ ನೋಡಲು ಬೇಕು’ ಅನ್ನಿ, ಅದು ನಿಜವೂ ಹೌದು. ತಪ್ಪು ತಿದ್ದುವುದಿದ್ದರೆ ಒಬ್ಬರಿಗೇ ಬರೆಯಿರಿ, ಎಲ್ಲರ ಎದುರಿಗೆ ಬೇಡ.

ಟೈಮ್ ಝೋನ್ ಬಗ್ಗೆ ಒಂದೇ ಮಾತು: ರಾತ್ರಿ ಹತ್ತರ ಕಾಲ್ ಯಾವಾಗಲೂ ಒಂದೇ ಆಫೀಸಿನವರ ಪಾಲಿಗೆ ಬರಬಾರದು. ಸರದಿ ಮಾಡಿ.

ಹಂತ 6: ಕೆಟ್ಟುಹೋದ ಕೆಲಸಗಳ ಪಾಠವನ್ನೂ ಹಂಚಿ

ಗೆದ್ದ ಕತೆಗಳು ತಾವೇ ಹರಡುತ್ತವೆ. ಕೆಟ್ಟದ್ದನ್ನು ಬಚ್ಚಿಡುತ್ತಾರೆ, ಅದರಲ್ಲೇ ಕಲಿಯುವುದು ಜಾಸ್ತಿ. ಅಮೆರಿಕದ ಸೇನೆಯಲ್ಲಿ ಪ್ರತಿ ತಾಲೀಮಿನ ನಂತರ ನಡೆಯುವ ವಿಮರ್ಶೆಯ ನಾಲ್ಕು ಪ್ರಶ್ನೆ ಎಲ್ಲ ಕಡೆಗೂ ಒಗ್ಗುತ್ತವೆ: ಏನಾಗಬೇಕಿತ್ತು? ಏನಾಯಿತು? ಯಾಕೆ ವ್ಯತ್ಯಾಸ? ಮುಂದಿನ ಸಲ ಏನು ಮಾಡುತ್ತೇವೆ? ಕೆಲಸ ಮುಗಿದು ಒಂದು ವಾರದ ಒಳಗೆ ನಡೆಸಿ. ವರದಿಯಲ್ಲಿ ‘ಇಂಥವರು ಮರೆತರು’ ಅಂತ ಬರೆಯಬೇಡಿ, ‘ಈ ಹಂತದಲ್ಲಿ ನೆನಪಿಸುವ ವ್ಯವಸ್ಥೆ ಇರಲಿಲ್ಲ’ ಅಂತ ಬರೆಯಿರಿ. ಮೊದಲ ಎರಡು ಮೂರು ವರದಿಗಳು ಹಿರಿಯ ಮ್ಯಾನೇಜರುಗಳ ಸ್ವಂತ ಪ್ರಾಜೆಕ್ಟ್‌ಗಳದ್ದೇ ಇರಲಿ. ಅವರೇ ಮುಚ್ಚಿಟ್ಟರೆ ಉಳಿದವರು ಬಿಚ್ಚುತ್ತಾರಾ?

ಹಂತ 7: ಹಂಚಬಾರದ್ದರ ಗೆರೆ ಎಳೆಯಿರಿ

ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಗ್ರಾಹಕರ ಅಥವಾ ಉದ್ಯೋಗಿಗಳ ವೈಯಕ್ತಿಕ ಮಾಹಿತಿಯನ್ನು ಒಂದೇ ಕಂಪನಿಯ ಇನ್ನೊಂದು ದೇಶದ ಆಫೀಸಿಗೆ ಕಳಿಸಲೂ ಅದರ ನಿಯಮಗಳಿವೆ. ಅಮೆರಿಕದ ರಫ್ತು ನಿಯಂತ್ರಣ ಕಾನೂನಿನಲ್ಲಿ, ಕೆಲವು ಬಗೆಯ ತಾಂತ್ರಿಕ ಮಾಹಿತಿಯನ್ನು ಅಮೆರಿಕದೊಳಗೇ ಇರುವ ವಿದೇಶಿ ಸಹೋದ್ಯೋಗಿಗೆ ತೋರಿಸುವುದೂ ರಫ್ತು ಅಂತ ಲೆಕ್ಕ. ಜರ್ಮನಿಯಲ್ಲಿ ಉದ್ಯೋಗಿ ಮಂಡಳಿ ಇರುವ ಕಂಪನಿಗಳಲ್ಲಿ, ಉದ್ಯೋಗಿಗಳ ನಡವಳಿಕೆ ಅಥವಾ ಕೆಲಸವನ್ನು ಗಮನಿಸಬಲ್ಲ ಯಾವುದೇ ಸಾಫ್ಟ್‌ವೇರ್ ತರುವ ಮೊದಲು ಮಂಡಳಿಯ ಒಪ್ಪಿಗೆ ಬೇಕು. ಯಾರು ಎಷ್ಟು ಪುಟ ಓದಿದರು ಅಂತ ಲೆಕ್ಕ ಇಡುವ ಪೋರ್ಟಲ್‌ಗೂ ಇದು ಅನ್ವಯಿಸಬಹುದು. ಲೀಗಲ್‌ನವರನ್ನು ಕೊನೆಗೆ ಕರೆದರೆ ಅವರು ‘ಬೇಡ’ ಅನ್ನುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮೊದಲ ವಾರವೇ ಕರೆಯಿರಿ. ಮೂರು ಬಣ್ಣದ ಸರಳ ಪಟ್ಟಿ ಮಾಡಿಸಿ: ಎಲ್ಲರಿಗೂ ತೆರೆದದ್ದು, ಕೇಳಿ ಕೊಡುವುದು, ಕೊಡಲೇಬಾರದ್ದು.

ಹಂತ 8: ಹೆಸರು ಕೊಡಿ, ಸಮಯ ಕೊಡಿ

ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರನ್ನು 1980ರ ದಶಕದಲ್ಲಿ ಹತ್ತಿರದಿಂದ ಗಮನಿಸಿದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಕಂಡದ್ದು ಇದು: ಕಷ್ಟದ ರಿಪೇರಿಗಳನ್ನು ಅವರು ಕಲಿಯುತ್ತಿದ್ದದ್ದು ಕೈಪಿಡಿಯಿಂದ ಅಲ್ಲ, ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕತೆಗಳಿಂದ. ಆಮೇಲೆ 1990ರ ದಶಕದಲ್ಲಿ ಫ್ರಾನ್ಸಿನಿಂದ ಶುರುವಾದ ‘ಯುರೇಕಾ’ ವ್ಯವಸ್ಥೆಯಲ್ಲಿ ತಂತ್ರಜ್ಞರು ತಮ್ಮ ಉಪಾಯ ಕಳಿಸುತ್ತಿದ್ದರು, ಅದನ್ನು ಅನುಭವಿಗಳು ಮಾಡಿ ನೋಡಿ ಒಪ್ಪಿದರೆ ಕಳಿಸಿದವರ ಹೆಸರಿನ ಜೊತೆಗೇ ಎಲ್ಲರಿಗೂ ಹೋಗುತ್ತಿತ್ತು. ಪರೀಕ್ಷಿಸಿದ್ದು ಅನ್ನುವ ನಂಬಿಕೆ, ನನ್ನ ಹೆಸರಿದೆ ಅನ್ನುವ ಹೆಮ್ಮೆ. ಇವೆರಡನ್ನೂ ನೀವು ಇವತ್ತೇ ಕೊಡಬಹುದು.

ಎಷ್ಟು ಪುಟ ಬರೆದರು ಅಂತ ಎಣಿಸಿ ಬಹುಮಾನ ಕೊಡಬೇಡಿ, ಕಸ ತುಂಬುತ್ತದೆ. ಪುಟ ಯಾರಿಗೆ ಉಪಯೋಗಕ್ಕೆ ಬಂತು ಅಂತ ಕೇಳಿ, ಆ ಮಾತನ್ನು ಬರೆದವರ ಮ್ಯಾನೇಜರಿಗೆ ಕಳಿಸಿ, ವರ್ಷದ ಅಪ್ರೈಸಲ್‌ನಲ್ಲಿ ಅದಕ್ಕೆ ಜಾಗ ಇರಲಿ. ಬೇರೆ ವಿಭಾಗಕ್ಕೆ ಸಹಾಯ ಮಾಡಿದ ಸಮಯವನ್ನು ‘ನಮ್ಮ ಟೀಮಿನ ನಷ್ಟ’ ಅಂತ ಮ್ಯಾನೇಜರ್ ನೋಡುವ ತನಕ ಈ ಮಾರ್ಗದರ್ಶಿಯ ಉಳಿದ ಯಾವ ಹಂತವೂ ನಿಲ್ಲುವುದಿಲ್ಲ.

ಹಂತ 9: ಹಳತಾದದ್ದನ್ನು ತೆಗೆಯಿರಿ, ಬಿಟ್ಟುಹೋಗುವವರ ಜೊತೆ ಕೂರಿ

ಪ್ರತಿ ಪುಟಕ್ಕೂ ಒಬ್ಬ ಜವಾಬ್ದಾರರು ಇರಬೇಕು. ಆರು ತಿಂಗಳಿಗೊಮ್ಮೆ ಅವರಿಗೆ ತಾನಾಗಿ ನೆನಪಿನ ಮೇಲ್ ಹೋಗಲಿ: ಇದು ಇನ್ನೂ ಸರಿಯಾ? ಉತ್ತರ ಬರದಿದ್ದರೆ ಪುಟದ ಮೇಲೆ ‘ಪರೀಕ್ಷಿಸಿಲ್ಲ’ ಅಂತ ಗುರುತು ಹಾಕಿ, ಇನ್ನೊಂದು ತಿಂಗಳಾದ ಮೇಲೆ ಹುಡುಕಾಟದಿಂದ ತೆಗೆಯಿರಿ. ಈಗ ಎಐ ಹುಡುಕಾಟ ಬಂದಿರುವುದರಿಂದ ಇದು ಮೊದಲಿಗಿಂತ ಜರೂರು. ಮೂರು ವರ್ಷ ಹಳೆಯ ತಪ್ಪು ಪುಟವನ್ನೂ ಅದು ಅಷ್ಟೇ ವಿಶ್ವಾಸದಿಂದ ಉತ್ತರವಾಗಿ ಕೊಡುತ್ತದೆ.

ಹತ್ತು ಪ್ರಶ್ನೆಗಳ ಕೆಲಸ ಮುಗಿದ ಮೂರು ತಿಂಗಳ ಮೇಲೆ ಮತ್ತೆ ಎರಡು ವಾರ ಪ್ರಶ್ನೆ ಹೆಕ್ಕಿ. ಅದೇ ಪ್ರಶ್ನೆ ಬರುತ್ತಿದ್ದರೆ ಪುಟ ಸಿಗುತ್ತಿಲ್ಲ ಅಥವಾ ಅರ್ಥವಾಗುತ್ತಿಲ್ಲ. ಕೇಳಿದವರ ಜೊತೆ ಸ್ಕ್ರೀನ್ ಹಂಚಿಕೊಂಡು ಅವರು ಹೇಗೆ ಹುಡುಕುತ್ತಾರೆ ಅಂತ ಸುಮ್ನೆ ನೋಡಿ. ಹೆಚ್ಚಿನ ಸಲ ಅವರು ಬಳಸುವ ಪದ ನಿಮ್ಮ ತಲೆಬರಹದಲ್ಲಿ ಇರುವುದೇ ಇಲ್ಲ.

ಕೊನೆಯದಾಗಿ, ಯಾರಾದರೂ ಕೆಲಸ ಬಿಡುತ್ತಾರೆ ಅಂತ ಗೊತ್ತಾದ ದಿನವೇ ಹ್ಯಾಂಡೋವರ್ ಶುರು ಮಾಡಿ, ಕೊನೆಯ ವಾರಕ್ಕೆ ಇಡಬೇಡಿ. ‘ನಿಮಗೆ ಗೊತ್ತಿರುವುದೆಲ್ಲ ಬರೆಯಿರಿ’ ಅಂದರೆ ಫೈಲುಗಳ ಪಟ್ಟಿ ಸಿಗುತ್ತದೆ, ಅಷ್ಟೇ. ಮುಂದೆ ಆ ಕೆಲಸ ಮಾಡುವವರನ್ನು ಪಕ್ಕದಲ್ಲಿ ಕೂರಿಸಿ ಈ ನಾಲ್ಕು ಕೇಳಿಸಿ: ಬೇರೆ ಆಫೀಸಿನವರು ನಿಮ್ಮನ್ನು ಯಾವುದಕ್ಕೆ ಹುಡುಕಿಕೊಂಡು ಬರುತ್ತಾರೆ? ನಿಮಗೆ ತೊಡಕಾದಾಗ ನೀವು ಯಾರಿಗೆ ಫೋನ್ ಮಾಡುತ್ತೀರಿ? ಕೈಪಿಡಿಯಲ್ಲಿ ಇರುವುದಕ್ಕಿಂತ ಬೇರೆ ರೀತಿ ನೀವು ಮಾಡುವ ಕೆಲಸ ಯಾವುದು, ಯಾಕೆ? ಮುಂದಿನ ಆರು ತಿಂಗಳಲ್ಲಿ ಏನು ಕೆಡಬಹುದು? ಎರಡನೇ ಪ್ರಶ್ನೆಯಲ್ಲಿ ಬಂದ ಪ್ರತಿಯೊಬ್ಬರಿಗೂ ಬಿಟ್ಟುಹೋಗುವವರೇ ಹೊಸಬರನ್ನು ಒಂದು ಕಾಲ್‌ನಲ್ಲಿ ಪರಿಚಯ ಮಾಡಿಸಲಿ. ಅವರ ಹೆಸರಿನಲ್ಲಿರುವ ಪುಟಗಳನ್ನು ಅವರು ಹೋಗುವ ದಿನದ ಒಳಗೆ ಹೊಸಬರ ಹೆಸರಿಗೆ ಬದಲಿಸಿ. ಬರೆದವರು ಅಂತ ಮಾತ್ರ ಹಳೆಯ ಹೆಸರೇ ಇರಲಿ.